ಹಳೇ ಹಾಳೆಯ ಕಂದು ಚುಕ್ಕಿ: ಬಂಗೋ, ತುಕ್ಕೋ?

ಗೆಳೆಯರೇ,

ಹೋದ ವಾರ ಚಿಕ್ಕಮಗಳೂರಿನ ಒಂದು ಗುಜರಿ ಅಂಗಡಿಯಲ್ಲಿ 30 ರೂಪಾಯಿ ಕೊಟ್ಟು ವರ್ಜೀನಿಯಾ ವುಲ್ಫ್ ಅವರ ‘ಟು ದ ಲೈಟ್‌ಹೌಸ್’ ತಂದೆ. ಕಾದಂಬರಿ 1927ರದ್ದು. ನನ್ನದು ಪೆಂಗ್ವಿನ್ ಮಾಡರ್ನ್ ಕ್ಲಾಸಿಕ್ಸ್‌ನ ಬೂದು ಬೆನ್ನಿನ ಪೇಪರ್‌ಬ್ಯಾಕ್. ಬೆಲೆ ಶಿಲಿಂಗಿನಲ್ಲಿದೆ. ಬ್ರಿಟನ್ನಿನವರು ಶಿಲಿಂಗ್ ಲೆಕ್ಕ ಬಿಟ್ಟಿದ್ದು 1971ರಲ್ಲಿ, ಹಾಗಾಗಿ ಅದಕ್ಕಿಂತ ಹಿಂದಿನ ಪ್ರತಿಯೇ ಇರಬೇಕು. ಯಾವುದೋ ಎಸ್ಟೇಟ್ ಬಂಗಲೆ ಖಾಲಿ ಮಾಡಿದಾಗ ಬಂದದ್ದಂತೆ. ಬೆನ್ನಿನ ಅಂಟು ಒಣಗಿಹೋಗಿದೆ, ಸ್ವಲ್ಪ ಜಾಸ್ತಿ ಅಗಲಿಸಿದರೆ ಚಟ್ ಅನ್ನುತ್ತದೆ. ಅರ್ಧ ತೆರೆದು, ಇಣುಕಿ ಇಣುಕಿ ಓದುತ್ತಿದ್ದೇನೆ.

ನನ್ನ ಪ್ರಶ್ನೆ ಕತೆಯದ್ದಲ್ಲ, ಹಾಳೆಯದ್ದು. ಹಾಳೆ ತುಂಬ ಕಂದು ಚುಕ್ಕಿಗಳಿವೆ. ಒಂದೊಂದೂ ಸಾಸಿವೆ ಕಾಳಿನಷ್ಟು. ಅಂಚಿನಲ್ಲಿ ಜಾಸ್ತಿ, ಒಳಗೆ ಹೋದಂತೆ ಕಮ್ಮಿ. ಯಾರೋ ಡಿಕಾಕ್ಷನ್ ಚಿಮುಕಿಸಿದ ಹಾಗೆ. ಉಗುರಲ್ಲಿ ಕೆರೆದರೂ ಹೋಗುವುದಿಲ್ಲ, ಹಾಳೆಯೊಳಗೇ ಇಳಿದಿದೆ. ಇಂಗ್ಲಿಷಿನವರು ಇದಕ್ಕೆ ‘ಫಾಕ್ಸಿಂಗ್’ ಅನ್ನುತ್ತಾರೆ. ನರಿಯ ಮೈಬಣ್ಣ ನೋಡಿ ಇಟ್ಟ ಹೆಸರಿರಬೇಕು. ದಮ್ಮಯ್ಯ, ಯಾರೂ ‘ನರಿಕಲೆ’ ಅಂತ ಅನುವಾದ ಮಾಡಬೇಡಿ. ನಮ್ಮಲ್ಲಿ ಇದಕ್ಕೆ ಏನಂತಾರೆ?

ಬೂಷ್ಟು ಅಂದುಬಿಡಬಹುದಿತ್ತು. ಆದರೆ ಬೂಷ್ಟು ಬೇರೆ. ಅದು ಮೇಲೆ ಕೂತಿರುತ್ತದೆ, ಒರೆಸಿದರೆ ಕೈಗೆ ಬರುತ್ತದೆ, ಮುಗ್ಗು ವಾಸನೆ ಹೊಡೆಯುತ್ತದೆ. ತಮಾಷೆ ಅಂದರೆ ಈ ಕಾದಂಬರಿಯಲ್ಲೇ ಬೂಷ್ಟು ಇದೆ. ನಡುವಿನ ಭಾಗದಲ್ಲಿ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಮನೆ ಹತ್ತು ವರ್ಷ ಪಾಳು ಬೀಳುತ್ತದೆ. ಕಪ್ಪಗಿದ್ದ ಪುಸ್ತಕಗಳು ಬೆಳ್ಳಗಾಗಿ ಅಣಬೆ ಏಳುತ್ತವೆ. ಮನೆ ನೋಡಿಕೊಳ್ಳುವ ಮುದುಕಿ ಮಿಸೆಸ್ ಮೆಕ್‌ನ್ಯಾಬ್, ಇವನ್ನೆಲ್ಲ ಹುಲ್ಲಿನ ಮೇಲೆ ಬಿಸಿಲಿಗೆ ಹಾಕಬೇಕು ಅಂದುಕೊಳ್ಳುತ್ತಾಳೆ. ಓದಿ ನಗು ಬಂತು. ಮಳೆಗಾಲ ಮುಗಿದ ಮೇಲೆ ಚಪ್ಪಲಿ, ಬೆಲ್ಟು, ಹಾಸಿಗೆ, ಪುಸ್ತಕ ಎಲ್ಲವನ್ನೂ ಅಂಗಳಕ್ಕೆ ಹಾಕುವ ನಮಗೆ ಆ ಮುದುಕಿ ಮಲೆನಾಡಿನವಳೇ ಅನ್ನಿಸುತ್ತಾಳೆ, ಅಲ್ವಾ? ಆ ಪುಟಗಳನ್ನು ಕನ್ನಡಕ್ಕೆ ತರುವವರು ‘ಶಿಲೀಂಧ್ರ’ ಬಿಟ್ಟು ಸುಮ್ನೆ ಬೂಷ್ಟು ಅಂತ ಬರೆಯಲಿ.

ಚುಕ್ಕಿಗೆ ಬರುತ್ತೇನೆ. ಮೂಡಿಗೆರೆಯಿಂದ ಬಂದಿದ್ದ ಅತ್ತೆಗೆ ಪುಸ್ತಕ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿ, “ಬಂಗು ಬಿದ್ದಿದೆಯಲ್ಲೋ ಇದಕ್ಕೆ, ನನ್ನ ಕೆನ್ನೆ ಹಾಗೆ” ಅಂದರು. ಮುಖದ ಮೇಲೆ ಏಳುವ ಕಂದು ಕಲೆಗೆ ಬಂಗು ಅನ್ನುತ್ತೇವೆ. ಬಣ್ಣ ಅದೇ, ಚರ್ಮದೊಳಗೇ ಇರುವುದೂ ಹಾಗೆಯೇ, ವಯಸ್ಸಾದಂತೆ ಜಾಸ್ತಿಯಾಗುವುದೂ ಸರಿ. ನನಗೆ ತಕ್ಷಣ ಹಿಡಿಸಿತು.

ಪಕ್ಕದ ಮನೆಯ ಪ್ಲಾಂಟರ್ ಒಪ್ಪಲಿಲ್ಲ. ಅವರ ಪ್ರಕಾರ ಇದು ತುಕ್ಕು. ಅದೂ ತೆಗೆದುಹಾಕುವ ಮಾತಲ್ಲ. ಈ ಚುಕ್ಕಿಗೆ ಕಾರಣ ಕಾಗದದಲ್ಲಿ ಉಳಿದ ಕಬ್ಬಿಣದ ಕಣ ಅಂತ ಕೆಲವರು, ಥಂಡಿಗೆ ಬೆಳೆಯುವ ಶಿಲೀಂಧ್ರ ಅಂತ ಇನ್ನು ಕೆಲವರು ಹೇಳುತ್ತಾರೆ. ಕಾಫಿ ಸೀಮೆಯಲ್ಲಿ ತುಕ್ಕು ಎರಡಕ್ಕೂ ಆಗುತ್ತದೆ: ಗೇಟಿಗೆ ಹಿಡಿಯುವುದೂ ತುಕ್ಕು, ಕಾಫಿ ಎಲೆಯ ಅಡಿಗೆ ಕಿತ್ತಳೆ ಪುಡಿಯಂತೆ ಕೂರುವ ಶಿಲೀಂಧ್ರ ರೋಗವೂ ಎಲೆ ತುಕ್ಕು. ಆದರೆ ತುಕ್ಕು ಅಂದಾಗ ನನ್ನ ಕಿವಿಗೆ ಉದುರುವುದು, ತಿಂದು ತೂತು ಮಾಡುವುದು ಕೇಳುತ್ತದೆ. ಈ ಹಾಳೆ ಗಟ್ಟಿಯಾಗಿಯೇ ಇದೆ. ಸ್ಟೇಪಲ್ ಪಿನ್ ಬಿಟ್ಟ ಕಲೆಗಾದರೆ ತುಕ್ಕು ಸರಿ. ಹಾಗಾಗಿ ನನ್ನ ಓಟು ಬಂಗಿಗೆ.

ಬೈಂಡಿಂಗ್ ಮಾಡುವವರು, ಲೈಬ್ರರಿಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ನಿಮ್ಮ ಕಡೆ ಬಾಯಲ್ಲಿರುವ ಪದ ಹೇಳಿ. ಕ್ರಿಯಾಪದವೂ ಬೇಕು. ಪುಸ್ತಕಕ್ಕೆ ಬಂಗು ಬೀಳುತ್ತದೋ, ಹಿಡಿಯುತ್ತದೋ, ಏಳುತ್ತದೋ? ಅತ್ತೆ ‘ಬಿದ್ದಿದೆ’ ಅಂದರು. ಹೊರಡುವಾಗ ಬಾಗಿಲಲ್ಲಿ ನಿಂತು, “ಸ್ವಲ್ಪ ಅರಿಶಿನ ಹಚ್ಚಿ ನೋಡು” ಅಂತಲೂ ಅಂದರು.