ಎಥೆನಾಲ್ ಟ್ಯಾಂಕಿನ ಲೆವೆಲ್ ಮೀಟರಿಗೆ ಜಿಎಸ್‌ಎಂ ಮಾಡ್ಯೂಲ್: ಇಂಟ್ರಿನ್ಸಿಕ್ ಸೇಫ್ಟಿ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ

ಪೀಣ್ಯಬೋರ್ಡ್ ಕೇಳಿದ್ದು:

ಬಾಗಲಕೋಟೆ ಕಡೆಯ ಒಂದು ಡಿಸ್ಟಿಲರಿಗೆ ಎಥೆನಾಲ್ ಟ್ಯಾಂಕಿನ ಮಟ್ಟ ಅಳೆಯುವ ಬ್ಯಾಟರಿ ಮೀಟರ್ ಮಾಡುತ್ತಿದ್ದೇನೆ. ಟ್ಯಾಂಕಿನ ಒಳಗೆ ಝೋನ್ 0 (ಉರಿಯುವ ಆವಿ ಸದಾ ಇರುವ ಜಾಗ), ಮೇಲೆ ವೆಂಟಿನ ಸುತ್ತ ಝೋನ್ 1 (ಆಗಾಗ ಬರುವ ಜಾಗ). ಹಾಗಾಗಿ ಇಂಟ್ರಿನ್ಸಿಕ್ ಸೇಫ್ಟಿ ಬೇಕು, ಅಂದರೆ ಏನೇ ಕೆಟ್ಟರೂ ಆವಿಗೆ ಬೆಂಕಿ ಹತ್ತಿಸುವಷ್ಟು ಶಕ್ತಿ ಸರ್ಕ್ಯೂಟಿನಿಂದ ಹೊರಬರಬಾರದು. ಎಥೆನಾಲ್ ಅಂದರೆ ಗ್ಯಾಸ್ ಗ್ರೂಪ್ (ಎಷ್ಟು ಸುಲಭವಾಗಿ ಹೊತ್ತಿಕೊಳ್ಳುತ್ತೆ ಅನ್ನುವ ವರ್ಗ) ಐಐಬಿ. 3.6 ವೋಲ್ಟಿನ ಲಿಥಿಯಂ ಥಯೊನಿಲ್ ಕ್ಲೋರೈಡ್ ಸೆಲ್, ಒಂದು ರೆಡಿಮೇಡ್ 2ಜಿ ಮಾಡ್ಯೂಲ್, 3 ಡಿಬಿಐ ಆಂಟೆನಾ. ಬರ್ಸ್ಟ್ (ಸಿಗ್ನಲ್ ಕಳಿಸುವ ಕ್ಷಣ) ಹೊತ್ತಿಗೆ ಮಾಡ್ಯೂಲ್ 2 ಆಂಪಿಯರ್ ಎಳೆಯುತ್ತೆ, ಅದಕ್ಕೆ 2200 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಟ್ಟಿದ್ದೇನೆ.

ರೇಡಿಯೋ ಪವರಿನ ಲೆಕ್ಕ ಹೀಗೆ ಮಾಡಿದೆ: ಪೀಕ್ 2 ವ್ಯಾಟ್, ಎಂಟರಲ್ಲಿ ಒಂದು ಸ್ಲಾಟ್ ಮಾತ್ರ, ಹಾಗಾಗಿ ಸರಾಸರಿ 0.25. ಆಂಟೆನಾ ಗೇನ್ ಸೇರಿಸಿದರೂ ಅರ್ಧ ವ್ಯಾಟ್. ಐಐಬಿ ಮಿತಿ 3.5 ವ್ಯಾಟ್. ಆರಾಮಾಗಿ ಪಾಸ್ ಅಂದುಕೊಂಡಿದ್ದೆ. ಲ್ಯಾಬಿನವರು ಫೈಲ್ ವಾಪಸ್ ಕಳಿಸಿದ್ದಾರೆ. ಮಾಡ್ಯೂಲಿನ ತಗಡಿನ ಮುಚ್ಚಳದೊಳಗೆ ಒಟ್ಟು ಎಷ್ಟು ಕೆಪಾಸಿಟೆನ್ಸ್, ಎಷ್ಟು ಇಂಡಕ್ಟೆನ್ಸ್ ಅಂತ ಕೇಳಿದ್ದಾರೆ. ಮಾಡ್ಯೂಲ್ ಕಂಪನಿ ಕೊಡಲ್ಲ ಅಂತಿದೆ. ಹತ್ತು ತಿಂಗಳ ಕೆಲಸ ಇದು, ನಾವಿರೋದು ಮೂರೇ ಜನ. ದಾರಿ ಇದ್ದರೆ ಹೇಳಿ.

ಝೀನರ್ಮೂರು ಬರೆದದ್ದು:

ಮೊದಲು ಸರಾಸರಿಯ ವಿಷಯ, ಅಲ್ಲೇ ತಪ್ಪಿದ್ದೀರಿ. ಸ್ಫೋಟಕ ವಾತಾವರಣದ ಉಪಕರಣಗಳ ಮಾನದಂಡ ಐಇಸಿ 60079-0 ಸರಾಸರಿ ತೆಗೆಯಲು ಬಿಡುತ್ತೆ, ಆದರೆ ಎಷ್ಟು ಹೊತ್ತಿನ ಮೇಲೆ ಅನ್ನೋದು ಮುಖ್ಯ. ಐಐಬಿಗೆ 80 ಮೈಕ್ರೊಸೆಕೆಂಡ್, ಇನ್ನೂ ಸುಲಭವಾಗಿ ಹೊತ್ತುವ ಐಐಸಿಗೆ ಬರೀ 20. ಜಿಎಸ್‌ಎಂ ಬರ್ಸ್ಟ್ ಒಂದು ಸಲಕ್ಕೆ 577 ಮೈಕ್ರೊಸೆಕೆಂಡ್ ಉರಿಯುತ್ತೆ. ಆ 80 ಮೈಕ್ರೊಸೆಕೆಂಡಿನ ಕಿಟಕಿ ಪೂರ್ತಿ ಬರ್ಸ್ಟಿನೊಳಗೇ ಬೀಳುತ್ತೆ. ಅಂದರೆ ನಿಮಗೆ ಸಿಗೋದು ಪೂರ್ತಿ 2 ವ್ಯಾಟ್. 3 ಡಿಬಿಐ ಅಂದರೆ ಎರಡು ಪಟ್ಟು, ಒಟ್ಟು 4 ವ್ಯಾಟ್. ಮಿತಿ ದಾಟಿದಿರಿ. ಫರ್ಮ್‌ವೇರಿನಲ್ಲಿ ಪವರ್ ಇಳಿಸ್ತೀನಿ ಅನ್ನಬೇಡಿ, ಬಳಸುವವರು ಬದಲಾಯಿಸಬಹುದಾದ ಸೆಟ್ಟಿಂಗನ್ನು ಒಪ್ಪೋದಿಲ್ಲ.

ಇನ್ನು 2200 ಮೈಕ್ರೊಫ್ಯಾರಡ್. ಅದೇ ಸರಣಿಯ ಇಂಟ್ರಿನ್ಸಿಕ್ ಸೇಫ್ಟಿ ಭಾಗ 60079-11ರ ಟೇಬಲ್ ನೋಡಿ, 5 ವೋಲ್ಟಿನ ಸಾಲಿನಲ್ಲಿ ಐಐಬಿಗೆ 1000, ಐಐಸಿಗೆ 100. ಸೆಲ್ಲಿನ ಮೇಲೆ 3.6 ಅಂತ ಬರೆದಿದ್ದರೂ ಲೆಕ್ಕಕ್ಕೆ ಹಿಡಿಯೋದು 3.9.

ಆದರೂ ನಿಮ್ಮ ನಿಜವಾದ ಕಷ್ಟ ಆ ತಗಡಿನ ಮುಚ್ಚಳ. ಕೆಲವು ವರ್ಷದ ಹಿಂದೆ ನಾನೂ ಇದನ್ನೇ ಅನುಭವಿಸಿದೆ. ಹಾಟ್ ಏರಿನಲ್ಲಿ ಮುಚ್ಚಳ ಎಬ್ಬಿಸಿ, ಮೈಕ್ರೊಸ್ಕೋಪಿನಡಿ ಒಂದೊಂದೇ ಕೆಪಾಸಿಟರ್ ಕಿತ್ತು, ಎಲ್‌ಸಿಆರ್ ಮೀಟರಿಗೆ ಹಿಡಿದು ಎರಡು ದಿನ ಅಳೆದೆ. ಕಿತ್ತ ಕೆಪಾಸಿಟರುಗಳನ್ನೆಲ್ಲ ಗ್ರಾಫ್ ಹಾಳೆಗೆ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬೆಲೆ ಬರೆದಿಟ್ಟಿದ್ದೆ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಸರ್ಟಿಫಿಕೇಟೂ ಬಂತು. ಮುಂದಿನ ಲಾಟಿನ ಮಾಡ್ಯೂಲ್ ತೆಗೆದು ನೋಡಿದರೆ ಒಳಗೆ ಪವರ್ ಐಸಿಯೇ ಬೇರೆ, ಪಕ್ಕದಲ್ಲಿ ಹೊಸದೊಂದು ಬೂಸ್ಟ್ ಕನ್ವರ್ಟರ್. ವೋಲ್ಟೇಜ್ ಏರಿಸುವ ಭಾಗ ಬಂದ ಮೇಲೆ ಹಿಂದಿನ ಲೆಕ್ಕ ಪೂರ್ತಿ ಸತ್ತಂತೆ. ನೂರಿಪ್ಪತ್ತು ಬೋರ್ಡು ಶೆಲ್ಫಿನಲ್ಲೇ ಕೂತವು. ಎಣಿಸೋಕೆ ಆಗದ್ದನ್ನು ಬೋರ್ಡಿಗೆ ಹಾಕಬೇಡಿ ಅಂತ ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೇನೆ.

2ಜಿ ಬಿಡಿ. ಡಿಸ್ಟಿಲರಿ ಆವರಣದೊಳಗೆ ಲೋರಾ (ಕಡಿಮೆ ಪವರಿನಲ್ಲಿ ದೂರ ಹೋಗುವ ರೇಡಿಯೋ) ಸಾಕು, 865 ಮೆಗಾಹರ್ಟ್ಸ್‌ಗೆ ಇಲ್ಲಿ ಲೈಸೆನ್ಸ್ ಬೇಡ, ಗೇಟ್‌ವೇ ಕಂಟ್ರೋಲ್ ರೂಮಿನಲ್ಲಿ ಇರಲಿ. ಮಾಡ್ಯೂಲ್ ಬೇಡ, ಎಸ್‌ಎಕ್ಸ್1262 ಲೋರಾ ಚಿಪ್ಪನ್ನೇ ನಿಮ್ಮ ಬೋರ್ಡಿನ ಮೇಲೆ ಕೂರಿಸಿ. ಆಗ ಪ್ರತಿ ಕೆಪಾಸಿಟರೂ ನಿಮ್ಮ ಸ್ಕೀಮ್ಯಾಟಿಕ್ಕಿನಲ್ಲಿ ಇರುತ್ತೆ. ಅದರ ಡಿಸಿ-ಡಿಸಿ ಕನ್ವರ್ಟರಿಗೆ 15 ಮೈಕ್ರೊಹೆನ್ರಿ ಇಂಡಕ್ಟರ್ ಬೇಕು. ಎಲ್‌ಡಿಒ ಮೋಡಿನಲ್ಲಿ (ಸಾದಾ ರೆಗ್ಯುಲೇಟರ್) ಅದೂ ಬೇಡ. ರಿಸೀವ್ ಕರೆಂಟು ಸುಮಾರು ಇಮ್ಮಡಿ ಆಗುತ್ತೆ, ಆದರೆ ನೀವು ಇಡೀ ದಿನ ಕೇಳುತ್ತಾ ಕೂರುವವರಲ್ಲವಲ್ಲ. ಫಾಲ್ಟ್ ಆದಾಗ ವೋಲ್ಟೇಜ್ ಏರುತ್ತಾ ಅನ್ನುವ ಪ್ರಶ್ನೆಯೇ ಆಗ ಹುಟ್ಟೋದಿಲ್ಲ.

ಸೆಲ್ಲಿನ ಬುಡದಲ್ಲೇ 8.2 ಓಮ್ ವೈರ್‌ವೂಂಡ್ ರೆಸಿಸ್ಟರ್ ಹಾಕಿ ಎರಡನ್ನೂ ಒಟ್ಟಿಗೆ ಪಾಟಿಂಗ್ ಮಾಡಿ (ರಾಳ ಸುರಿದು ಮುಚ್ಚಿ). ಶಾರ್ಟ್ ಆದರೆ 0.48 ಆಂಪಿಯರ್, ರೆಸಿಸ್ಟರಿನ ಮೇಲೆ 1.85 ವ್ಯಾಟ್. ಮೂರನೇ ಎರಡರಷ್ಟು ಮಾತ್ರ ಬಳಸಬೇಕು, ಹಾಗಾಗಿ 3 ವ್ಯಾಟಿನದು ಹಾಕಿ. ಅದರಾಚೆ ಎಲ್ಲಿ ಏನೇ ಕೆಟ್ಟರೂ 0.46 ವ್ಯಾಟಿಗಿಂತ ಹೆಚ್ಚು ಸಿಗಲ್ಲ. ಟಿ4ಗೆ (ಮೇಲ್ಮೈ ಎಷ್ಟು ಬಿಸಿಯಾಗಬಹುದು ಅನ್ನುವ ವರ್ಗ), 40 ಡಿಗ್ರಿ ವಾತಾವರಣದಲ್ಲಿ, 20 ಚದರ ಮಿಲಿಮೀಟರಿಗಿಂತ ದೊಡ್ಡ ಭಾಗಗಳಿಗೆ 1.3 ವ್ಯಾಟ್ ತನಕ ಬಿಡುತ್ತಾರೆ. ಬಾಗಲಕೋಟೆ ಬಿಸಿಲಿಗೆ 60 ಡಿಗ್ರಿ ಅಂತ ಬರೆಸಿದರೆ 1.2. ಆಗಲೂ ಬೇಕಾದಷ್ಟು ಜಾಗ ಇದೆ.

ಟ್ಯಾಂಕ್‌ಫಾರ್ಮ್ ಬರೆದದ್ದು:

ನಾ ಡಿಸ್ಟಿಲರಿ ಇನ್‌ಸ್ಟ್ರುಮೆಂಟೇಶನ್‌ನ್ಯಾಗ ಇರಾಂವ. ಲೆಕ್ಕ ಅವ್ರು ಹೇಳ್ಯಾರ, ನಾ ಟ್ಯಾಂಕಿನ ಮ್ಯಾಲಿನ ಮಾತು ಹೇಳ್ತೀನ್ರಿ. ನಿಮ್ಮ ಆಂಟೆನಾಕ್ಕ ಎಂಥಾ ಪ್ಲಾಸ್ಟಿಕ್ ಕವರ್ ಐತಿ? ನಮ್ಮಲ್ಲಿ ಒಬ್ರು ಹಾಕಿದ್ದು ಊಟದ ತಟ್ಟಿಯಷ್ಟು ಅಗಲ ಬಿಳೀ ಗುಮ್ಮಟ ಇತ್ತು. ಬ್ಯಾಸಿಗ್ಯಾಗ ಒಣಗಾಳಿ, ಮ್ಯಾಲೆ ಧೂಳು. ಹೆಲ್ಪರ್ ಒಣ ಅರಿವಿಲೆ ತಿಕ್ಕಾಕ ಹತ್ತಿದ್ದ, ಪಕ್ಕದಾಗ ವೆಂಟ್. ಕೈ ಹತ್ರ ತಂದ್ರ ಕೂದಲಾ ನಿಗುರಿ ನಿಂತುವು. ಅವತ್ತು ಏನೂ ಆಗ್ಲಿಲ್ಲ. ನಾ ಆ ಹುಡುಗನ್ನ ಕೆಳಗ ಇಳಿಸಿ, ಸಂಜೀತನಾ ಯಾರ್ನೂ ಮ್ಯಾಲೆ ಬಿಡ್ಲಿಲ್ಲ.

ಪ್ಲಾಸ್ಟಿಕ್ಕಿನ ಮೈ ಐಐಬಿ ಝೋನ್ 1ಕ್ಕ 100 ಚದರ ಸೆಂಟಿಮೀಟರ್, ಝೋನ್ 0ಕ್ಕ 25. ಅದಕ್ಕಿಂತ ದೊಡ್ಡದಿದ್ರ ಆಂಟಿಸ್ಟ್ಯಾಟಿಕ್ ಪ್ಲಾಸ್ಟಿಕ್ಕ ತಗೋರಿ. ಒದ್ದಿ ಅರಿವಿಲೇ ಒರಸ್ರಿ ಅಂತ ಫಲಕದ ಮ್ಯಾಲೆ ಕನ್ನಡದಾಗ ಬರೀರಿ. ಏಣಿ ಹತ್ತಾಂವ ಇಂಗ್ಲಿಷ್ ಓದಂಗಿಲ್ಲ. ಮತ್ತ ಲ್ಯಾಬ್ ರಿಪೋರ್ಟ್ ಬಂದಮ್ಯಾಲ ಪೆಸೊ (ಸ್ಫೋಟಕ ಸುರಕ್ಷತಾ ಇಲಾಖೆ) ಅನುಮತಿ ಬ್ಯಾರೆ, ರೇಡಿಯೋಕ್ಕ ಇಟಿಎ (ಉಪಕರಣದ ಒಪ್ಪಿಗಿ) ಬ್ಯಾರೆ. ಎರಡೂ ಒಟ್ಟಿಗೆ ಶುರು ಮಾಡ್ರಿ.

ಪೀಣ್ಯಬೋರ್ಡ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸರಾಸರಿಯ ಕಿಟಕಿ ನನಗೆ ಹೊಳೆದೇ ಇರಲಿಲ್ಲ. ನಿನ್ನೆ ಎಸ್‌ಎಕ್ಸ್1262 ಡೆವಲಪ್‌ಮೆಂಟ್ ಬೋರ್ಡಿಗೆ 8.2 ಓಮ್ ಹಾಕಿ ನೋಡಿದೆ. 22 ಡಿಬಿಎಂ ರೇಡಿಯೋ ಪವರಿಗೆ 118 ಮಿಲಿಆಂಪಿಯರ್, ರೆಸಿಸ್ಟರಿನಲ್ಲೇ ಒಂದು ವೋಲ್ಟ್ ಹೋಗುತ್ತೆ. ಡ್ರಾಯರಿನಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಸೆಲ್ ಹಾಕಿದರೆ ಮೊದಲ ಪಲ್ಸಿಗೇ ಕಂಟ್ರೋಲರ್ ರೀಸೆಟ್ ಆಯಿತು. ಸೂಪರ್ ಕೆಪಾಸಿಟರ್ ಇಡಲಾ?

ಝೀನರ್ಮೂರು:

ಬೇಡ, ಅದು 2200ರ ದೊಡ್ಡಣ್ಣ. ಆ ಸೆಲ್ಲಿನ ಲಿಥಿಯಂ ಮೇಲೆ ಪದರ ಕಟ್ಟಿಕೊಂಡಿದೆ, ಅದನ್ನು ಮೆಲ್ಲಗೆ ಒಡೆಯಬೇಕು. ಕಳಿಸುವ ಮುಂಚೆ ಕೆಲವು ಮಿಲಿಆಂಪಿಯರಿನ ಸಣ್ಣ ಲೋಡ್ ಕೊಟ್ಟು ವೋಲ್ಟೇಜ್ ಮೇಲೇಳುವವರೆಗೆ ಕಾಯಿರಿ. ಪವರ್ 14 ಡಿಬಿಎಂಗೆ ಇಳಿಸಿ. ಎರಡು 47 ಮೈಕ್ರೊಫ್ಯಾರಡ್ ಸಿರಾಮಿಕ್ ಇಟ್ಟರೆ 94, ನಾಳೆ ಯಾರಾದರೂ ಐಐಸಿ ಕೇಳಿದರೂ 100ರ ಒಳಗೇ ಇರುತ್ತೀರಿ, ಉಳಿದ ಸಣ್ಣಪುಟ್ಟವು ಸೇರಿ ಮೀರದಂತೆ ನೋಡಿಕೊಳ್ಳಿ. ಸ್ಕೋಪಿನ ಚಿತ್ರ ಇಲ್ಲೇ ಹಾಕಿ, ಸೆಲ್ ಬುಡದಲ್ಲಿ ಒಂದು ಪ್ರೋಬ್, ರೆಸಿಸ್ಟರ್ ಆಚೆ ಒಂದು.