ದತ್ತಿ ಇಡೋ ಮುಂಚೆ, ಮಗು ಸೇರಿಸೋ ಮುಂಚೆ ಮಠದ ನಡೆ ನೋಡೋದು ಹೇಗೆ? ಬಲ್ಲವರು ಹೇಳಿ

ಕೇಳಿದವರು, ದಾವಣಗೆರೆ

ಎಲ್ಲರಿಗೂ ಶರಣು. ತೀರಿಹೋದ ಅಪ್ಪಾಜಿ ಹೆಸರಲ್ಲಿ ನಮ್ಮ ಭಾಗದ ಮಠವೊಂದಕ್ಕೆ 5 ಲಕ್ಷ ದತ್ತಿ ಇಡಬೇಕು, ಅಪ್ಪಾಜಿಯ ಜಮೀನಿನಲ್ಲೇ ಒಂದು ಎಕರೆ ಬಿಟ್ಟುಕೊಡಬೇಕು ಅಂತ ಮನೆಯಲ್ಲಿ ಮಾತಾಗಿದೆ. ಅಕ್ಕನ ಮಗಳನ್ನ ಎಂಟನೇ ಕ್ಲಾಸಿಗೆ ಅದೇ ಮಠದ ಹಾಸ್ಟೆಲಿಗೆ ಸೇರಿಸೋ ಯೋಚನೆಯೂ ಇದೆ. ಸ್ವಾಮಿಗಳ ಬಗ್ಗೆ ಒಬ್ಬರು ನಡೆದಾಡೋ ದೇವರು ಅಂತಾರೆ, ಇನ್ನೊಬ್ಬರು ಬಾಯಿಗೆ ಬಂದಂಗೆ ಅಂತಾರೆ. ಗಾಳಿಮಾತು ಬಿಟ್ಟು, ಕಾಗದ ನೋಡಿ, ಕಣ್ಣಾರೆ ಕಂಡು ತಿಳಿಯೋ ದಾರಿ ಹೇಳಿ. ಯಾವ ಮಠದ ಹೆಸರೂ ಬೇಡ.

ವಕೀಲರು, ಚಿತ್ರದುರ್ಗ

ಮೊದಲು ಒಂದು ಗಂಟು ಬಿಡಿಸಿಕೊಳ್ಳಿ. ನಾವು ‘ಮಠ’ ಅಂತ ಒಂದೇ ಮಾತಲ್ಲಿ ಹೇಳೋದು ಕಾಗದದಲ್ಲಿ ಮೂರಾಗಿರುತ್ತೆ: ಪೀಠ ಒಂದು, ಪೀಠದಲ್ಲಿ ಕೂತ ಸ್ವಾಮಿಗಳು ಒಂದು, ಶಾಲೆ–ಹಾಸ್ಟೆಲ್ ನಡೆಸೋ ವಿದ್ಯಾಸಂಸ್ಥೆ ಇನ್ನೊಂದು. ಮೂರಕ್ಕೂ ಬೇರೆ ಬೇರೆ ಪ್ಯಾನ್, ಬೇರೆ ಬ್ಯಾಂಕ್ ಖಾತೆ ಇರಬಹುದು. ನಿಮ್ಮ ಹಣ ಯಾವುದಕ್ಕೆ, ಜಮೀನು ಯಾವುದಕ್ಕೆ, ಮಗು ಯಾವುದರ ವಶಕ್ಕೆ ಅಂತ ಮೊದಲು ಬರೆದಿಟ್ಟುಕೊಳ್ಳಿ. ಒಂದರ ಒಳ್ಳೆ ಹೆಸರು ತೋರಿಸಿ ಇನ್ನೊಂದಕ್ಕೆ ಸಹಿ ಹಾಕಿಸೋದರಿಂದಲೇ ಹೆಚ್ಚಿನ ತೊಂದರೆ ಶುರುವಾಗೋದು.

ವಿದ್ಯಾಸಂಸ್ಥೆ ಸೊಸೈಟಿ ಆಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಪ್ರತಿ ವರ್ಷ ಆಡಳಿತ ಮಂಡಳಿ ಪಟ್ಟಿ, ಲೆಕ್ಕಪತ್ರ ಸಲ್ಲಿಸಲೇಬೇಕು. ಅದು ಇರೋದು ಜಿಲ್ಲೆಯ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಯಲ್ಲಿ. ಆರ್‌ಟಿಐ ಹಾಕಿದರೆ ಸಿಗುತ್ತೆ. ಟ್ರಸ್ಟ್ ಆಗಿದ್ದರೆ ಕಷ್ಟ. ಮಹಾರಾಷ್ಟ್ರದಲ್ಲಿರೋ ಚಾರಿಟಿ ಕಮಿಷನರ್ ಥರದ ಅಧಿಕಾರಿ ನಮ್ಮಲ್ಲಿಲ್ಲ. ಟ್ರಸ್ಟ್ ಡೀಡ್ ಉಪನೋಂದಣಾಧಿಕಾರಿ ಕಚೇರಿಯಲ್ಲಿರುತ್ತೆ, ಲೆಕ್ಕ ಆದಾಯ ತೆರಿಗೆ ಇಲಾಖೆಗೆ ಹೋಗುತ್ತೆ, ಅಷ್ಟೇ.

ಡೀಡ್ ಸಿಕ್ಕರೆ ಪೀಠಿಕೆಯ ಹೊಗಳಿಕೆ ಬಿಟ್ಟು ನಾಲ್ಕು ಕಡೆ ನೋಡಿ. ಟ್ರಸ್ಟಿಗಳನ್ನ ಯಾರು ನೇಮಿಸ್ತಾರೆ, ಯಾರು ತೆಗೀತಾರೆ? ಚೆಕ್ಕಿಗೆ ಒಂದು ಸಹಿ ಸಾಕಾ, ಎರಡು ಬೇಕಾ? ಟ್ರಸ್ಟ್ ಮುಚ್ಚಿದರೆ ಆಸ್ತಿ ಎಲ್ಲಿಗೆ? ‘ಅಧ್ಯಕ್ಷರ ತೀರ್ಮಾನವೇ ಅಂತಿಮ’ ಅನ್ನೋ ಸಾಲು ಇದೆಯಾ? ಟ್ರಸ್ಟಿಗಳಲ್ಲಿ ಸ್ವಾಮಿಗಳ ಪೂರ್ವಾಶ್ರಮದ ಬಂಧುಗಳು ಎಷ್ಟು ಜನ ಅಂತಲೂ ಎಣಿಸಿ. ಸ್ವಾಮಿಗಳು ಒಳ್ಳೆಯವರಾ ಅಂತ ಕೇಳೋದಕ್ಕಿಂತ, ಅವರ ಎದುರು ಕೂತು ‘ಬ್ಯಾಡ ಬುದ್ಧಿ’ ಅನ್ನೋ ಒಬ್ಬ ಮನುಷ್ಯ ಆ ಸಭೆಯಲ್ಲಿದ್ದಾನಾ ಅಂತ ಕೇಳಿ. ಅಂಥವನೊಬ್ಬನೂ ಇಲ್ಲದ ಕಡೆ ಒಳ್ಳೆ ಸ್ವಾಮಿಗಳೂ ದಾರಿ ತಪ್ತಾರೆ.

ಓದುಗರು, ಹೊಸದುರ್ಗ

ಮುಜರಾಯಿ ತಹಶೀಲ್ದಾರರ ಹತ್ರ ಹೋದರೆ ಲೆಕ್ಕ ಎಲ್ಲ ಸಿಗಲ್ವಾ ಸರ್?

ವಕೀಲರು, ಚಿತ್ರದುರ್ಗ

ಸಿಗಲ್ಲ ಅಣ್ಣ. 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ ಮಠಕ್ಕೂ, ಮಠಕ್ಕೆ ಸೇರಿದ ದೇವಸ್ಥಾನಕ್ಕೂ ಅನ್ವಯಿಸಲ್ಲ ಅಂತ ಮೊದಲನೇ ಸೆಕ್ಷನ್ನಿನಲ್ಲೇ ಇದೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ದೇವಸ್ಥಾನದ ಹುಂಡಿ ಲೆಕ್ಕ ಇಲಾಖೆಗೆ ಬರುತ್ತೆ, ಮಠದ ಹುಂಡಿ ಲೆಕ್ಕ ಬರಲ್ಲ. ಆದರೆ ಮಠಕ್ಕೋ ಅದರ ಸಂಸ್ಥೆಗೋ ಸರ್ಕಾರದ ಅನುದಾನ ಬಂದಿದ್ದರೆ, ಅನುದಾನದ ಕಡತ ಕೊಟ್ಟ ಕಚೇರಿಯಲ್ಲಿ ಇರಲೇಬೇಕು. ಜಿಲ್ಲಾಧಿಕಾರಿ ಕಚೇರಿ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಅನುದಾನಿತ ಶಾಲೆಯಾದರೆ ಬಿಇಒ ಕಚೇರಿ, ಇವಕ್ಕೆ ಅರ್ಜಿ ಹಾಕಿ.

ಅರ್ಜಿ ಹೀಗಿರಲಿ: ‘2021–22ರಿಂದ 2024–25ರವರೆಗೆ ಇಂಥ ಸಂಸ್ಥೆಗೆ ತಮ್ಮ ಕಚೇರಿಯಿಂದ ಬಿಡುಗಡೆಯಾದ ಅನುದಾನದ ಆದೇಶಗಳು, ಸಂಸ್ಥೆ ಸಲ್ಲಿಸಿದ ಹಣ ಬಳಕೆ ಪ್ರಮಾಣಪತ್ರಗಳು ಮತ್ತು ಸ್ಥಳ ಪರಿಶೀಲನಾ ವರದಿಗಳ ಪ್ರತಿ ಕೊಡಿ.’ ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಶುಲ್ಕ 10 ರೂ., ಪ್ರತಿಗೆ ಪುಟಕ್ಕೆ 2 ರೂ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ‘ಏಕೆ ಕೊಟ್ಟಿರಿ’, ‘ಇದು ಸರಿಯೇ’ ಅಂತ ಬರೆದರೆ ಅರ್ಜಿ ಅಲ್ಲೇ ಬೀಳುತ್ತೆ. ದಾಖಲೆ ಕೇಳಿ, ವಿವರಣೆ ಕೇಳಬೇಡಿ.

ಲೆಕ್ಕಪರಿಶೋಧಕರು, ದಾವಣಗೆರೆ

5 ಲಕ್ಷ ನಗದಾಗಿ ಮಾತ್ರ ಕೊಡಬೇಡಿ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ತಗೊಳ್ಳೋದು ಆದಾಯ ತೆರಿಗೆ ಕಾನೂನಿನಲ್ಲಿ ನಿಷಿದ್ಧ, ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ‘ಭಕ್ತರಲ್ವಾ, ಹಾಗೇ ಕೊಡಿ’ ಅಂದರೆ ಲೆಕ್ಕ ಹೇಗೆ ನಡೀತಿದೆ ಅನ್ನೋದು ಆ ಒಂದು ಮಾತಲ್ಲೇ ಗೊತ್ತಾಯ್ತು. 80ಜಿ ರಿಯಾಯಿತಿಯೂ (ದೇಣಿಗೆ ಕೊಟ್ಟವರಿಗೆ ಸಿಗೋ ತೆರಿಗೆ ರಿಯಾಯಿತಿ) 2,000 ರೂ. ಮೀರಿದ ನಗದು ದೇಣಿಗೆಗೆ ಸಿಗಲ್ಲ. ಜಮೀನಿನ ದಾನಕ್ಕಂತೂ 80ಜಿ ಇಲ್ಲವೇ ಇಲ್ಲ, ಹಣಕ್ಕೆ ಮಾತ್ರ. ಜಮೀನು ಕೊಟ್ಟರೂ ತೆರಿಗೆ ಉಳಿಯುತ್ತೆ ಅಂತ ಯಾರಾದರೂ ಆಸೆ ತೋರಿಸಿದರೆ ನಂಬಬೇಡಿ.

ರಸೀದಿ ಕೈಗೆ ಬಂದಾಗ ಫೋಟೊ ತೆಗೆಯೋಕೆ ಮುಂಚೆ ಓದಿ. ಮೇಲೆ ಯಾರ ಹೆಸರಿದೆ, ಪೀಠದ್ದೋ ಟ್ರಸ್ಟಿನದೋ? ಪ್ಯಾನ್, 80ಜಿ ನೋಂದಣಿ ಸಂಖ್ಯೆ, ಅಚ್ಚಾದ ಕ್ರಮಸಂಖ್ಯೆ ಇದೆಯಾ? ‘ಬಾಬ್ತು’ ಅನ್ನೋ ಜಾಗದಲ್ಲಿ ಏನು ಬರೆದಿದ್ದಾರೆ? ‘ಸಾಮಾನ್ಯ ದೇಣಿಗೆ’ ಅಂತಿದ್ದರೆ ನಿಮ್ಮ 5 ಲಕ್ಷ ಈ ವರ್ಷವೇ ಮಂಟಪದ ಬಣ್ಣಕ್ಕೆ ಹೋದರೂ ಕೇಳೋ ಹಾಗಿಲ್ಲ. ದತ್ತಿ ಅಂದರೆ ಅಸಲು ಉಳಿದು ಬಡ್ಡಿ ಮಾತ್ರ ಖರ್ಚಾಗೋದು. ಹಾಗಾಗಬೇಕಾದರೆ ‘ಇದು ಮೂಲನಿಧಿಗೆ, ಬಡ್ಡಿಯಿಂದ ಇಂಥ ವಿದ್ಯಾರ್ಥಿವೇತನಕ್ಕೆ’ ಅಂತ ಚೆಕ್ಕಿನ ಜೊತೆಗೇ ನೀವೇ ಪತ್ರ ಬರೆದು ಕೊಡಬೇಕು, ಅದರ ನಕಲಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಬೇಕು. ಆ ಮೂಲನಿಧಿಯನ್ನ ಬೇರೆಯಾಗಿ, ಕಾನೂನು ಒಪ್ಪೋ ಠೇವಣಿಯಲ್ಲೇ ಇಡಬೇಕು. ದೇಣಿಗೆ ಕೊಟ್ಟ ಹಣಕಾಸು ವರ್ಷ ಮುಗಿದ ಮೇಲಿನ ಮೇ 31ರೊಳಗೆ 10ಬಿಇ ನಮೂನೆಯ ದೇಣಿಗೆ ಪ್ರಮಾಣಪತ್ರ ಬರಬೇಕು. ಅದು ಬರದಿದ್ದರೆ ನಿಮ್ಮ ದೇಣಿಗೆ ಅವರು ಇಲಾಖೆಗೆ ತೋರಿಸಿದ ಲೆಕ್ಕದಲ್ಲಿ ಇದೆಯಾ ಅಂತ ಬರವಣಿಗೆಯಲ್ಲೇ ಕೇಳಿ.

ಮೂರು ವರ್ಷದ ಆಡಿಟ್ ವರದಿ ಕೇಳಿ, ಆದಾಯ ತೆರಿಗೆಗೆ ಆಡಿಟರ್ ಕೊಡೋ 10ಬಿ ಅಥವಾ 10ಬಿಬಿ ನಮೂನೆ ಸಮೇತ. ಟ್ರಸ್ಟಿಗಳಿಗೆ, ಅವರ ಬಂಧುಗಳಿಗೆ ಕೊಟ್ಟ ಬಾಡಿಗೆ, ಸಂಬಳ, ಸಾಲ ಅದರಲ್ಲೇ ಬರುತ್ತೆ. ‘ಸಾಲ ಮತ್ತು ಮುಂಗಡ’ ಅನ್ನೋ ಬಾಬ್ತು ವರ್ಷದಿಂದ ವರ್ಷಕ್ಕೆ ವಸೂಲಾಗದೆ ಬೆಳೀತಿದ್ದರೆ ಯಾರ ಹೆಸರಲ್ಲಿದೆ ಅಂತ ಕೇಳಿ. ಉಳಿತಾಯ ಹೆಚ್ಚಿದ್ದ ಮಾತ್ರಕ್ಕೆ ತಪ್ಪು ಅನ್ನಬೇಡಿ, ಕಟ್ಟಡಕ್ಕೆ ಕೂಡಿಡೋದೂ ಇರುತ್ತೆ.

ದಾಸೋಹದ ಖರ್ಚನ್ನ ನೀವೇ ತಾಳೆ ನೋಡಬಹುದು. 400 ಮಕ್ಕಳು, ತಲೆಗೆ ದಿನಕ್ಕೆ 350 ಗ್ರಾಂ ಅಕ್ಕಿ ಅಂದರೆ ದಿನಕ್ಕೆ 140 ಕೆಜಿ, 300 ದಿನಕ್ಕೆ 420 ಕ್ವಿಂಟಲ್. ಲೆಕ್ಕದಲ್ಲಿ ಇದರ ಎರಡರಷ್ಟಿದ್ದರೆ ದಾಸ್ತಾನು ಪುಸ್ತಕ ಕೇಳಿ. ಜಾತ್ರೆ, ಹುಣ್ಣಿಮೆ ದಾಸೋಹಕ್ಕೆ ಹೆಚ್ಚು ಬೇಕಾಗಿರಬಹುದು, ಅದೂ ಬರೆದಿರಬೇಕು. ಭಕ್ತರು ಟ್ರ್ಯಾಕ್ಟರಿನಲ್ಲಿ ತಂದು ಇಳಿಸೋ ಭತ್ತ, ಜೋಳ, ತೊಗರಿ ಆ ಪುಸ್ತಕಕ್ಕೆ ಏರುತ್ತಾ ಇಲ್ಲವಾ ಅನ್ನೋದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆ ಪರೀಕ್ಷೆ. ಹಣದ ಲೆಕ್ಕ ಆಡಿಟರ್ ನೋಡ್ತಾರೆ ಅಂತ ಸರಿ ಇಡ್ತಾರೆ, ಕಾಳಿನ ಲೆಕ್ಕ ಇಡೋದು ಮನಸ್ಸಿದ್ದವರು ಮಾತ್ರ.

ಮಕ್ಕಳ ರಕ್ಷಣೆ ಕೆಲಸದವರು, ಹೊಳಲ್ಕೆರೆ

ಹಣ, ಜಮೀನು ಆಮೇಲೆ ನೋಡಿದರೂ ನಡೆಯುತ್ತೆ. ಮಗು ವಿಷಯ ಮೊದಲು ನೋಡಿ ಅಕ್ಕ.

ತಂದೆತಾಯಿ ಇಲ್ಲದ, ರಕ್ಷಣೆ ಬೇಕಾದ ಮಕ್ಕಳನ್ನ ಇಟ್ಟುಕೊಂಡ ಯಾವ ಸಂಸ್ಥೆಯೂ 2015ರ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ನೋಂದಣಿ ಆಗಿರಲೇಬೇಕು, ಸರ್ಕಾರದ ಅನುದಾನ ತಗೊಳ್ಳಲಿ ಬಿಡಲಿ. ಅಂಥ ಮಗು ಸಿಕ್ಕಿದ 24 ಗಂಟೆಯಲ್ಲಿ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ‘ಅನಾಥ ಮಕ್ಕಳನ್ನ ಬುದ್ಧಿಯವರೇ ಸಾಕ್ತಾರೆ’ ಅನ್ನೋದು ಕೇಳೋಕೆ ಚಂದ, ಆದರೆ ನೋಂದಣಿ ಪತ್ರ ತೋರಿಸದಿದ್ದರೆ ಅದು ಕಾನೂನು ಮುರಿದಂತೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ನಿಮ್ಮ ಹುಡುಗಿಯಂತೆ ಮನೆಯಿಂದ ಬಂದ ಮಕ್ಕಳಷ್ಟೇ ಇರೋ ಹಾಸ್ಟೆಲಿಗೆ ಈ ನೋಂದಣಿ ಇಲ್ಲದಿರಬಹುದು. ಆಗ ಹೊರಗಿನ ಕಣ್ಣು ಇನ್ನೂ ಕಡಿಮೆ, ಕಣ್ಣಾರೆ ನೋಡೋದೇ ದಾರಿ.

ಹಬ್ಬದ ದಿನ ಹೋಗಬೇಡಿ, ಮಾಮೂಲಿ ವಾರದ ದಿನ ಸಂಜೆ ಐದರ ನಂತರ ಹೋಗಿ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ರಾತ್ರಿ ಅಲ್ಲೇ ಮಲಗೋ ಮಹಿಳಾ ವಾರ್ಡನ್ ಇದ್ದಾರಾ? ರಾತ್ರಿ ಬೀಗದ ಕೈ ಯಾರ ಸೊಂಟದಲ್ಲಿ? ಹಾಸ್ಟೆಲಿನಿಂದ ಸ್ವಾಮಿಗಳ ನಿವಾಸಕ್ಕೆ ಒಳದಾರಿ ಇದೆಯಾ? ಪೂಜೆ ಹೂವು ಕೊಡೋಕೆ, ಪಾತ್ರೆ ತೊಳೆಯೋಕೆ, ‘ಸೇವೆಗೆ’ ಅಂತ ಒಂಟಿ ಮಗುವನ್ನ ಕರೆಸ್ತಾರಾ, ಕರೆಸಿದರೆ ಪುಸ್ತಕದಲ್ಲಿ ಬರೀತಾರಾ? ಮಗು ಮನೆಗೆ ಫೋನ್ ಮಾಡೋವಾಗ ಪಕ್ಕದಲ್ಲಿ ಯಾರಾದರೂ ನಿಂತಿರ್ತಾರಾ? ಮಕ್ಕಳ ಸಹಾಯವಾಣಿ ನಂಬರು 1098 ಮಕ್ಕಳ ಕಣ್ಣಿಗೆ ಬೀಳೋ ಕಡೆ ಬರೆದಿದೆಯಾ? ದೂರು ಪೆಟ್ಟಿಗೆ ಇದ್ದರೆ ಕೀಲಿ ಯಾರ ಹತ್ರ ಅಂತ ಕೇಳಿ. ವಾರ್ಡನ್ ಹತ್ರವೇ ಅಂದರೆ ವಾರ್ಡನ್ ಮೇಲಿನ ದೂರನ್ನ ಮಗು ಎಲ್ಲಿ ಹಾಕಬೇಕು?

ವರ್ಷದ ನಡುವೆ ಎಷ್ಟು ಮಕ್ಕಳು ಟಿಸಿ ತಗೊಂಡು ಹೋದರು ಅಂತ ಶಾಲೆಯಲ್ಲಿ ಕೇಳಿ. ಡಿಸೆಂಬರಿನಲ್ಲಿ ಒಂದೇ ತರಗತಿಯಿಂದ ನಾಲ್ಕೈದು ಮಕ್ಕಳು ಹೋಗಿದ್ದರೆ ಆ ಮನೆಗಳಿಗೆ ಹೋಗಿ ಮಾತಾಡಿ. ಮಗುವನ್ನ ಪ್ರಶ್ನೆ ಕೇಳಬೇಡಿ, ದೊಡ್ಡವರನ್ನ ಕೇಳಿ. ಏನಾದರೂ ಗೊತ್ತಾದರೆ ಊರಲ್ಲಿ ಪಂಚಾಯ್ತಿ ಮಾಡಿಸಬೇಡಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯೋ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ತಿಳಿದವರು ಪೊಲೀಸರಿಗೆ ಹೇಳಲೇಬೇಕು, ಮುಚ್ಚಿಟ್ಟರೆ 21ನೇ ಸೆಕ್ಷನ್ನಿನಲ್ಲಿ ಶಿಕ್ಷೆ ಇದೆ. ಮಗುವಿನ ಹೆಸರು, ಶಾಲೆ, ಓಣಿ ಯಾವುದೂ ವಾಟ್ಸಾಪಿನಲ್ಲಿ ಹೋಗಬಾರದು.

ನಿವೃತ್ತ ಶಿಕ್ಷಕರು, ದಾವಣಗೆರೆ

ಸಂಬಳದ ಮಾತು ಯಾರೂ ಎತ್ತಿಲ್ಲ. ಬ್ಯಾಂಕಿಗೆ 25,000 ಹಾಕಿ 10,000 ವಾಪಸ್ ಈಸಿಕೊಳ್ಳೋ ಕೆಟ್ಟ ಚಾಳಿ ಖಾಸಗಿ ಸಂಸ್ಥೆಗಳಲ್ಲಿ ಇದೆ, ಧರ್ಮದ ಹೆಸರಿನ ಸಂಸ್ಥೆ ಅದನ್ನ ಮಾಡಿದರೆ ಪಾಪ ಇಮ್ಮಡಿ. ಕೆಲಸ ಬಿಟ್ಟುಹೋದ ಮೇಷ್ಟ್ರುಗಳನ್ನ ಕೇಳಿ, ಈಗಿರೋರು ಬಾಯಿಬಿಡಲ್ಲ. ನೌಕರರ ಭವಿಷ್ಯನಿಧಿ ನೋಡಿಕೊಳ್ಳೋ ಇಪಿಎಫ್‌ಒ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹುಡುಕಿದರೆ ಯಾವ ತಿಂಗಳು ಎಷ್ಟು ಜನರ ಪಿಎಫ್ ಕಟ್ಟಿದ್ದಾರೆ ಅಂತ ಕಾಣುತ್ತೆ. ಪಾಠ ಮಾಡೋರು 60, ಪಿಎಫ್ ಇರೋದು 22 ಅಂದರೆ ಕಾರಣ ಕೇಳಿ. ಇನ್ನೊಂದು, ದಾಸೋಹದ ಪಂಕ್ತಿ. ಒಳಗೊಂದು ಪಂಕ್ತಿ, ಹೊರಗೊಂದು ಪಂಕ್ತಿ ಇದ್ದರೆ ಯಾರು ಎಲ್ಲಿ ಕೂರ್ತಾರೆ ಅಂತ ಸುಮ್ಮನೆ ನೋಡಿ ಬನ್ನಿ. ‘ಮಾಡಿದಷ್ಟು ನೀಡು ಭಿಕ್ಷೆ’ ಅಂದ ನೆಲ ಇದು, ಎಲೆ ಹಾಕೋ ಕಡೆ ಜಾತಿ ಕೇಳೋರಿಗೆ ನಿಮ್ಮ ಅಪ್ಪಾಜಿ ಹೆಸರು ಕೊಡಬಾರದು.

ಭೂದಾಖಲೆ ಬಲ್ಲವರು, ಜಗಳೂರು

ಮಠದ ಸರ್ವೆ ನಂಬರು ಗೊತ್ತಿದ್ದರೆ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಮಠದ ಹೆಸರಿದೆಯೋ, ಸ್ವಾಮಿಗಳ ಹೆಸರೋ, ಇನ್ಯಾರದೋ? 11ನೇ ಕಾಲಂನಲ್ಲಿ ಬ್ಯಾಂಕಿನ ಭಾರ, ಕೋರ್ಟ್ ತಡೆ ಕಾಣುತ್ತೆ. ಆಮೇಲೆ ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಋಣಭಾರ ಪತ್ರ (ಇ.ಸಿ.) ತೆಗೆದರೆ ಭಕ್ತರು ಕೊಟ್ಟ ಜಮೀನನ್ನ ಮಾರಿದ್ದಾರಾ, ಯಾರಿಗೆ ಮಾರಿದ್ದಾರೆ ತಿಳಿಯುತ್ತೆ. ಸುಮಾರು 2004ರಿಂದ ಈಚಿನದು ಮಾತ್ರ ಆನ್‌ಲೈನ್, ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಹೋಗಬೇಕು. ದಾವಣಗೆರೆ ಜಿಲ್ಲೆ ಆಗಿದ್ದು 1997ರ ಆಗಸ್ಟಿನಲ್ಲಿ. ಅದಕ್ಕೂ ಹಿಂದೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೆ. ಜಿಲ್ಲಾ ಮಟ್ಟದ ಹಳೇ ಕಡತ ಇಲ್ಲಿ ಇಲ್ಲ ಅಂದರೆ ಅಲ್ಲಿ ಕೇಳಿ.

ನಿಮ್ಮ ಕಡೆದೂ ಒಂದಿದೆ. ಜಮೀನು ಅಪ್ಪಾಜಿ ಹೆಸರಲ್ಲೇ ಇದ್ದರೆ ಮೊದಲು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಬೇಕು. ಅಕ್ಕನಿಗೂ ಪಾಲಿದೆ, ಅವರ ಸಹಿ ಇಲ್ಲದ ದಾನಪತ್ರ ನಾಳೆ ಕೋರ್ಟಿಗೆ ಹೋಗುತ್ತೆ.

ವಕೀಲರು, ಚಿತ್ರದುರ್ಗ

ಕೇಸಿನ ಬಗ್ಗೆ. ಇ–ಕೋರ್ಟ್ಸ್ ತಾಣದಲ್ಲಿ ಜಿಲ್ಲೆ ಆರಿಸಿ ಪಕ್ಷಕಾರರ ಹೆಸರು, ವರ್ಷ ಹಾಕಿ ಹುಡುಕಿ. ಬಾಕಿ ಇರೋದು, ಮುಗಿದದ್ದು ಎರಡನ್ನೂ ನೋಡಿ. ಹೆಸರಿನ ಕಾಗುಣಿತ ಬೇರೆ ಬೇರೆ ಇರುತ್ತೆ, ಸ್ವಾಮಿಗಳ ಪೂರ್ವಾಶ್ರಮದ ಹೆಸರಲ್ಲೂ ಒಮ್ಮೆ ಹುಡುಕಿ. ಹೈಕೋರ್ಟಿನದಕ್ಕೆ ನಮ್ಮ ಎರಡೂ ಜಿಲ್ಲೆ ಬೆಂಗಳೂರು ಪೀಠಕ್ಕೆ ಬರುತ್ತೆ, ಧಾರವಾಡಕ್ಕಲ್ಲ. ಲೈಂಗಿಕ ಅಪರಾಧದ ಎಫ್‌ಐಆರ್ ಪೊಲೀಸ್ ತಾಣಕ್ಕೆ ಹಾಕಲ್ಲ, ಹಾಗಾಗಿ ಅಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ.

ಸಿಕ್ಕಿದ್ದನ್ನ ಸರಿಯಾಗಿ ಓದಿ. ಎಫ್‌ಐಆರ್ ಅಂದರೆ ಆರೋಪ. ಚಾರ್ಜ್‌ಶೀಟ್ ಅಂದರೆ ತನಿಖೆ ಮಾಡಿದವರಿಗೆ ಸಾಕ್ಷ್ಯ ಸಿಕ್ಕಿದೆ ಅಂತ. ‘ಬಿ ರಿಪೋರ್ಟ್’ ಅಂದರೆ ಪೊಲೀಸರು ಕೇಸ್ ಮುಚ್ಚೋಕೆ ಕೇಳಿದ್ದಾರೆ, ದೂರುದಾರರು ಅದನ್ನ ಪ್ರಶ್ನಿಸಬಹುದು. ಖುಲಾಸೆ ಆಗಿದ್ದರೆ ಅದನ್ನೂ ಅಷ್ಟೇ ಗೌರವದಿಂದ ಒಪ್ಪಿ. ತೀರ್ಪು ಓದಿದರೆ ಆರೋಪ ಸುಳ್ಳು ಅಂತ ಬಂದಿದೆಯೋ, ಸಾಕ್ಷಿಗಳು ತಿರುಗಿಬಿದ್ದರೋ ತಿಳಿಯುತ್ತೆ. ಸ್ವಾಮಿಗಳ ಮೇಲೆ ಆಗದವರು ಆಸ್ತಿಗಾಗಿ, ಉತ್ತರಾಧಿಕಾರಕ್ಕಾಗಿ ಹಾಕಿಸೋ ಕೇಸೂ ಇರುತ್ತೆ. ಆರೋಪ ಬಂದ ದಿನ ಸಂಸ್ಥೆ ಏನು ಮಾಡಿತು ಅನ್ನೋದನ್ನ ನಾನು ಹೆಚ್ಚು ತೂಗ್ತೀನಿ: ದೂರು ಕೊಟ್ಟವರನ್ನ ಕೆಲಸದಿಂದ, ಹಾಸ್ಟೆಲಿನಿಂದ ಕಳಿಸಿತಾ, ಇಲ್ಲ ಆರೋಪ ಹೊತ್ತವರನ್ನ ಮಕ್ಕಳಿಂದ ದೂರ ಇಟ್ಟಿತಾ?

ಕೇಳಿದವರು, ದಾವಣಗೆರೆ

ಎಲ್ಲರಿಗೂ ಕೈ ಮುಗಿದೆ. ಡೀಡಿನ ದೃಢೀಕೃತ ನಕಲು ಕೇಳಿದರೆ ಉಪನೋಂದಣಿ ಕಚೇರಿಯಲ್ಲಿ ‘ನಿಮಗೆ ಕೊಡೋಕೆ ಬರಲ್ಲ’ ಅಂದರು. ಏನು ಮಾಡಲಿ?

ವಕೀಲರು, ಚಿತ್ರದುರ್ಗ

ಆ ಡೀಡು 4ನೇ ಪುಸ್ತಕದಲ್ಲಿ ನೋಂದಣಿ ಆಗಿರಬೇಕು. ಸ್ಥಿರಾಸ್ತಿ ಇರೋ ಪತ್ರ 1ನೇ ಪುಸ್ತಕಕ್ಕೆ ಹೋಗುತ್ತೆ, ಅದರ ನಕಲನ್ನ ಯಾರು ಬೇಕಾದರೂ ತಗೋಬಹುದು. ಆಸ್ತಿ ಇಲ್ಲದೆ ಬರೀ ಹಣದಿಂದ ಶುರುವಾದ ಟ್ರಸ್ಟಿನ ಡೀಡು 4ನೇ ಪುಸ್ತಕಕ್ಕೆ, ಅದು ಬರೆದುಕೊಟ್ಟವರಿಗೆ ಮತ್ತು ಅದರಡಿ ಹಕ್ಕಿರೋರಿಗೆ ಮಾತ್ರ. ಕಚೇರಿಯವರ ಮೇಲೆ ಸಿಟ್ಟಾಗಬೇಡಿ, 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ಹಾಗಿದೆ.

ಟ್ರಸ್ಟಿಗೇ ಪತ್ರ ಬರೆದು ಕೇಳಿ: ಡೀಡು, ತಿದ್ದುಪಡಿ ಡೀಡುಗಳು, ಈಗಿನ ಟ್ರಸ್ಟಿಗಳ ಪಟ್ಟಿ, ಮೂರು ವರ್ಷದ ಆಡಿಟ್ ವರದಿ. 15 ದಿನ ಟೈಮ್ ಕೊಡಿ. ಕೊಟ್ಟರೆ ಸರಿ. ‘ನಂಬಿಕೆ ಇಲ್ವಾ’ ಅಂದರೆ ದತ್ತಿ ಮಾತು ಅಲ್ಲಿಗೇ ನಿಲ್ಲಿಸಿ. ಕೊಟ್ಟ ಮೇಲೆ ದುರುಪಯೋಗ ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್ ಇದೆ, ಹಿತಾಸಕ್ತಿ ಇರೋ ಇಬ್ಬರು ಅಥವಾ ಹೆಚ್ಚು ಜನ ನ್ಯಾಯಾಲಯದ ಅನುಮತಿ ಪಡೆದು ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹಾಕಬಹುದು. ಅದು ವರ್ಷಗಟ್ಟಲೆ ಎಳೆಯುತ್ತೆ. ದಾನಪತ್ರ ಒಮ್ಮೆ ಆದರೆ ಮನಸ್ಸು ಬದಲಾಯ್ತು ಅಂತ ಹಿಂದಕ್ಕೆ ಪಡೆಯೋಕೂ ಬರಲ್ಲ. ಹಾಗಾಗಿ ಪತ್ರ ಸ್ವಾಮಿಗಳ ಹೆಸರಿಗೆ ಬೇಡ, ಟ್ರಸ್ಟಿನ ಹೆಸರಿಗೇ ಆಗಲಿ. ಯಾವ ಉದ್ದೇಶಕ್ಕೆ ಅಂತ ಅದರಲ್ಲೇ ಬರೆಸಿ, ಷರತ್ತಿನ ಮಾತುಗಳನ್ನ ನಿಮ್ಮ ವಕೀಲರ ಕೈಲೇ ಬರೆಸಿ. ನೋಂದಣಿಗೆ ಹೋಗೋ ಮುಂಚೆ, ದಾನ ಒಪ್ಪಿದ್ದೇವೆ, ಇಂಥವರು ಸಹಿ ಹಾಕ್ತಾರೆ ಅನ್ನೋ ಟ್ರಸ್ಟ್ ಸಭೆಯ ಠರಾವಿನ ಪ್ರತಿ ಕೈಯಲ್ಲಿರಲಿ, ಸಭೆಗೆ ಬಂದ ಟ್ರಸ್ಟಿಗಳೆಲ್ಲರ ಸಹಿ ಸಮೇತ.