ಸೈಕೋ: ಕಥೆ ಗೊತ್ತಿದ್ದೂ ಆ ಕಾರಿನ ಸೀನ್‌ಗೆ ಎದೆ ಹೊಡೆದುಕೊಂಡಿದ್ದು ಯಾಕೆ?

ಪ್ರಶ್ನೆ
ಮೊನ್ನೆ ರಾತ್ರಿ ಹಿಚ್‌ಕಾಕ್‌ ಅವರ ‘ಸೈಕೋ’ ಎರಡನೇ ಸಲ ನೋಡಿದೆ. ತಂಗಿಗೆ ಅದು ಮೊದಲ ಸಲ. ನಾಯಕಿ ಮೇರಿಯನ್ ಕೊಲೆಯಾಗುವ ಶವರ್ ಸೀನ್ ಬಂದಾಗ ಅವಳು ಕಿರುಚಿ ದಿಂಬು ಅವಚಿಕೊಂಡಳು. ನನಗೆ ಏನೂ ಆಗಲಿಲ್ಲ, ಮೊದಲೇ ಗೊತ್ತಿತ್ತಲ್ಲ. ಆಮೇಲೆ ಮೋಟೆಲ್ ನಡೆಸುವ ನಾರ್ಮನ್ ಅವಳ ಹೆಣ ತುಂಬಿದ ಕಾರನ್ನು ಕೆಸರಿನ ಹೊಂಡಕ್ಕೆ ತಳ್ಳುತ್ತಾನೆ. ಮುಳುಗುತ್ತಾ ಮುಳುಗುತ್ತಾ ಅದು ನಡುವೆ ನಿಂತುಬಿಡುತ್ತದೆ. ಅಲ್ಲಿ ಇಬ್ಬರೂ ಉಸಿರು ಬಿಗಿಹಿಡಿದೆವು. ಮುಳುಗೇ ಮುಳುಗುತ್ತದೆ ಅಂತ ನನಗೆ ಗೊತ್ತಿತ್ತು! ಆದರೂ ಯಾಕೆ ಹೀಗೆ?

ಉತ್ತರ 1
ಶವರ್ ಸೀನ್ ಬೆಚ್ಚಿಬೀಳಿಸುತ್ತದೆ, ಕಾರಿನ ಸೀನ್ ಕಾಯುವಂತೆ ಮಾಡುತ್ತದೆ. ಹಿಚ್‌ಕಾಕ್ ಇದನ್ನು ಫ್ರೆಂಚ್ ನಿರ್ದೇಶಕ ತ್ರೂಫೋ ಅವರಿಗೆ ಬಾಂಬಿನ ಉದಾಹರಣೆ ಕೊಟ್ಟು ವಿವರಿಸಿದ್ದರು. ಮೇಜಿನ ಕೆಳಗೆ ಬಾಂಬ್ ಇರುವುದು ನಮಗೆ ಗೊತ್ತಿಲ್ಲದಿದ್ದರೆ, ಅದು ಸಿಡಿದಾಗ 15 ಸೆಕೆಂಡ್ ಗಾಬರಿ. ಗೊತ್ತಿದ್ದರೆ 15 ನಿಮಿಷ ತಳಮಳ.

ಆದರೆ ನಿಮ್ಮ ಕಾರಿನ ಸೀನ್‌ನಲ್ಲಿ ಇನ್ನೂ ಒಂದು ವಿಷಯವಿದೆ. ಅಲ್ಲಿಯವರೆಗೆ ನಾವು ಮೇರಿಯನ್ ಜೊತೆಗಿದ್ದೆವು. ಕದ್ದ 40,000 ಡಾಲರ್ ವಾಪಸ್ ಕೊಡೋಣ ಅಂತ ಅವಳು ತೀರ್ಮಾನಿಸಿದಾಗ ನಮಗೂ ಹಗುರಾಯಿತು, ಅಲ್ವಾ? ಅಷ್ಟರಲ್ಲಿ ಅವಳೇ ಇಲ್ಲ. ಆ ಪಾತ್ರ ಮಾಡಿದ ಜಾನೆಟ್ ಲೀ, ಸಿನಿಮಾ ಬಂದ 1960ರಲ್ಲಿ ದೊಡ್ಡ ಸ್ಟಾರ್. ಸಿನಿಮಾ ಅರ್ಧ ಆಗುವ ಮೊದಲೇ ಅವರ ಪಾತ್ರ ಸಾಯುತ್ತದೆ ಅಂತ ಯಾರು ಅಂದುಕೊಂಡಿರುತ್ತಾರೆ? ಆಮೇಲೆ ನಾರ್ಮನ್ ಬಚ್ಚಲು ಒರೆಸುತ್ತಾನೆ. ಮಾತೇ ಇಲ್ಲ. ನೆಲ, ಗೋಡೆ, ಟಬ್, ತನ್ನ ಕೈ, ಎಲ್ಲ ನಿಧಾನವಾಗಿ ತೊಳೆಯುತ್ತಾನೆ. ಪೇಪರ್‌ನಲ್ಲಿ ಸುತ್ತಿಟ್ಟ ದುಡ್ಡನ್ನೂ ಗೊತ್ತಿಲ್ಲದೇ ಡಿಕ್ಕಿಗೆ ಎಸೆಯುತ್ತಾನೆ. ಒಬ್ಬ ಮನುಷ್ಯ ಶ್ರದ್ಧೆಯಿಂದ ಕೆಲಸ ಮಾಡುವುದನ್ನು ಅಷ್ಟು ಹೊತ್ತು ನೋಡಿದರೆ, ಅದು ಕೆಡಬಾರದು ಅನ್ನಿಸಿಬಿಡುತ್ತದೆ. ಕಾರು ನಿಂತಾಗ ನಾವು ಅವನ ಪಕ್ಷ. ‘ಮುಳುಗು, ಮುಳುಗು’ ಅಂತೀವಿ. ಕಥೆ ಗೊತ್ತಿದ್ದರೂ ಆ ಆಸೆ ಮತ್ತೆ ಹುಟ್ಟುತ್ತದೆ. ನನಗೆ ಇಡೀ ಸಿನಿಮಾದಲ್ಲಿ ಭಯವಾಗುವುದು ಅಲ್ಲೇ.

ಉತ್ತರ 2
ಮೇಲಿನ ಮಾತು ನಿಜ. ಆದರೆ ಶವರ್ ಸೀನನ್ನು ಸುಮ್ನೆ ಬಿಟ್ಟುಬಿಡಬೇಡಿ. ಒಮ್ಮೆ ಮ್ಯೂಟ್ ಮಾಡಿ ನೋಡಿ. ಹಿಚ್‌ಕಾಕ್‌ಗೆ ಅಲ್ಲಿ ಸಂಗೀತವೇ ಬೇಡವಾಗಿತ್ತು. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಲ್ಲಿ ಆ ಕೀರಲು ಸ್ವರ ಮಾಡಿ ಕೇಳಿಸಿದ ಮೇಲೆ ಮನಸ್ಸು ಬದಲಿಸಿದರು. ಚಾಕು ಮೈಗೆ ಇಳಿಯುವುದು ಕಣ್ಣಿಗೆ ಬೀಳುವುದೇ ಕಡಿಮೆ. ಕಿವಿಯೇ ಜಾಸ್ತಿ ನೋಡುತ್ತದೆ.

ಬೆಚ್ಚಿಬೀಳಿಸುವುದಕ್ಕೂ ಮೊದಲು ಕಾಯಿಸಬೇಕು ಅಂತ ಗೊತ್ತಾಗಲು 1942ರ ‘ಕ್ಯಾಟ್ ಪೀಪಲ್’ ನೋಡಿ. ಅದರಲ್ಲಿ ಒಬ್ಬ ಹೆಂಗಸು ರಾತ್ರಿ ಒಬ್ಬಳೇ ನಡೆಯುತ್ತಿರುತ್ತಾಳೆ. ಹಿಂದೆ ಹೈಹೀಲ್ಸ್ ಸದ್ದು. ಆ ಸದ್ದು ನಿಂತುಹೋಗುತ್ತದೆ. ತಕ್ಷಣ ‘ಹಿಸ್ಸ್’ ಅಂತ ಏನೋ ಮೇಲೆ ಬಿದ್ದಂತಾಗುತ್ತದೆ. ನೋಡಿದರೆ ಬಸ್ಸು!

ಪ್ರಶ್ನೆ ಕೇಳಿದವರು
ಇಬ್ಬರಿಗೂ ಥ್ಯಾಂಕ್ಸ್. ತಂಗಿಗೆ ಇದನ್ನೆಲ್ಲ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೌದು ಅಕ್ಕ, ನಾನೂ ಮನಸ್ಸಲ್ಲೇ ಮುಳುಗು ಅಂದೆ’ ಅಂದಳು. ಶನಿವಾರ ರಾತ್ರಿ ‘ಕ್ಯಾಟ್ ಪೀಪಲ್’ ನೋಡುತ್ತೇವೆ. ಬಸ್ಸಿನ ವಿಷಯ ಮಾತ್ರ ಅವಳಿಗೆ ಓದಿ ಹೇಳಿಲ್ಲ.